ಕೇಡುಗಾಲದ ಚಲಚ್ಚಿತ್ರವೂ ಪ್ರೇಕ್ಷಕನ ಜೊತೆಗಾರನೂ

ನಾಳಿನ ಲೋಕ ಹೇಗಿದ್ದೀತು ಎಂಬ ಕುತೂಹಲ ಮನುಷ್ಯನಿಗೆ ಹೊಸದಲ್ಲ. ಆ ಕುತೂಹಲಕ್ಕೆ ಎರಡು ಮುಖಗಳುಂಟು. ಎಲ್ಲರೂ ಯಾರ ಹಂಗೂ ಇಲ್ಲದೆ ಸುಖವಾಗಿ ಬಾಳುವ ಕಾಲ ಬಂದೀತೆಂಬ ಆಸೆ ಒಂದು. ಇಂದಿನ ಕೆಡುಕುಗಳೇ ಬೆಳೆದು ಹೆಮ್ಮರವಾಗಿ ನಮ್ಮನ್ನು ನುಂಗಿಬಿಡುವ ಕಾಲ ಬಂದೀತೆಂಬ ಭಯ ಇನ್ನೊಂದು. ನಮ್ಮ ಹಿರಿಯರು ಮೊದಲನೆಯದನ್ನು ರಾಮರಾಜ್ಯವೆಂದೂ ಎರಡನೆಯದನ್ನು ಕಲಿಗಾಲವೆಂದೂ ಕರೆದರು. ಇಂಗ್ಲೆಂಡಿನ ಥಾಮಸ್ ಮೋರ್ ೧೫೧೬ರಲ್ಲಿ ಪ್ರಕಟವಾದ ತನ್ನ ಗ್ರಂಥಕ್ಕೆ ‘ಯುಟೋಪಿಯ’ ಎಂಬ ಹೆಸರಿಟ್ಟ ಮೇಲೆ ಆಸೆಯ ಲೋಕಕ್ಕೆ ಆ ಹೆಸರೇ ನಿಂತುಹೋಯಿತು. ಅದಕ್ಕೆ ವಿರುದ್ಧವಾದ ಭಯದ ಲೋಕವನ್ನು ‘ಡಿಸ್ಟೋಪಿಯ’ ಎನ್ನುತ್ತಾರೆ. ಮಾತು ಹಗುರವಾಗಲೆಂದು ನಾನು ಇಲ್ಲಿ ಅದನ್ನು ಕೇಡುಗಾಲ ಎಂದು ಕರೆಯುತ್ತೇನೆ.

ಕೇಡುಗಾಲವನ್ನು ತೆರೆಯ ಮೇಲೆ ತೋರಿಸುವ ಕೆಲಸ ಚಲಚ್ಚಿತ್ರಕ್ಕೆ ಮಾತು ಬರುವುದಕ್ಕೆ ಮೊದಲೇ ಆರಂಭವಾಯಿತು. ಜರ್ಮನಿಯ ಫ್ರಿಟ್ಸ್ ಲಾಂಗ್ ೧೯೨೭ರಲ್ಲಿ ಹೊರತಂದ ‘ಮೆಟ್ರೊಪೊಲಿಸ್’ ಎಂಬ ಮೂಕಿಚಿತ್ರದಲ್ಲಿ ಸಿರಿವಂತರು ಗಗನಚುಂಬಿ ಮಹಲುಗಳಲ್ಲಿ ನಲಿಯುತ್ತಾರೆ. ಕೂಲಿಕಾರರು ನೆಲದೊಳಗೆ ಯಂತ್ರಗಳ ಮುಂದೆ ಸವೆಯುತ್ತಾರೆ. ಅಂದಿನಿಂದ ಇಂದಿನವರೆಗೆ ಇಂಥ ನೂರಾರು ಚಿತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಜನ ಮನೆಯ ಮಾತಿನಂತೆ ಸಲೀಸಾಗಿ ಗ್ರಹಿಸಿದರು. ಕೆಲವನ್ನು ನೋಡಿ ತಲೆ ಕೆರೆದುಕೊಂಡರು. ಈ ವ್ಯತ್ಯಾಸ ಎಲ್ಲಿಂದ ಬಂತು? ಕಥೆಯ ಗಹನತೆಯಿಂದಲೆ? ಪ್ರೇಕ್ಷಕನ ವಿದ್ಯೆಯಿಂದಲೆ? ಅಥವಾ ಬೇರೊಂದು ಕಾರಣ ಉಂಟೆ? ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಒಂದು ಅಮೆರಿಕೆಯದು, ಇನ್ನೊಂದು ನಮ್ಮ ಕನ್ನಡದ್ದು.

ಅಮೆರಿಕೆಯ ಚಿತ್ರದ ಹೆಸರು ‘ಡೆಮಾಲಿಷನ್ ಮ್ಯಾನ್’. ಮಾರ್ಕೊ ಬ್ರಾಂಬಿಲ್ಲಾ ನಿರ್ದೇಶಿಸಿದ ಈ ಚಿತ್ರ ೧೯೯೩ರ ಅಕ್ಟೋಬರಿನಲ್ಲಿ ತೆರೆಕಂಡಿತು. ಜಾನ್ ಸ್ಪಾರ್ಟನ್ ಎಂಬ ಒರಟು ಪೋಲೀಸಿನವನನ್ನೂ ಸೈಮನ್ ಫೀನಿಕ್ಸ್ ಎಂಬ ಪಾತಕಿಯನ್ನೂ ೧೯೯೬ರಲ್ಲಿ ಹಿಮದಲ್ಲಿಟ್ಟಂತೆ ಹೆಪ್ಪುಗಟ್ಟಿಸಿ ಸೆರೆಯಲ್ಲಿಡುತ್ತಾರೆ. ೨೦೩೨ರಲ್ಲಿ ಪಾತಕಿ ಎಚ್ಚತ್ತು ತಪ್ಪಿಸಿಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಆ ಊರಿನಲ್ಲಿ ಕಳ್ಳತನವಿಲ್ಲ, ಕೊಲೆಯಿಲ್ಲ; ಹೊಡೆದಾಟವನ್ನು ಕಂಡೇ ಅರಿಯದ ಪೋಲೀಸರಿಗೆ ಅವನನ್ನು ಹಿಡಿಯುವ ಬಗೆ ತಿಳಿಯದು. ಆದುದರಿಂದ ಹಳೆಯ ಸ್ಪಾರ್ಟನ್ನನನ್ನೇ ಎಬ್ಬಿಸಿ ಕರೆತರುತ್ತಾರೆ. ಅವನ ಜೊತೆಗೆ ಲೆನೀನಾ ಹಕ್ಸ್ಲಿ ಎಂಬ ತರುಣ ಪೋಲೀಸ್ ಅಧಿಕಾರಿಣಿಯನ್ನು ಕಳುಹಿಸುತ್ತಾರೆ. ಆಕೆಯ ಹೆಸರು ಆಲ್ಡಸ್ ಹಕ್ಸ್ಲಿ ೧೯೩೨ರಲ್ಲಿ ಬರೆದ ಕೇಡುಗಾಲದ ಕಾದಂಬರಿಯನ್ನು ನೆನಪಿಗೆ ತರುವಂತಿದೆ. ಸ್ವಭಾವದಲ್ಲಿ ಒಬ್ಬರಿಗೊಬ್ಬರು ಹೊಂದದ ಇಬ್ಬರು ಪೋಲೀಸರು ಜೊತೆಗೂಡಿ ಪಾತಕಿಯನ್ನು ಬೆನ್ನಟ್ಟುವ ಕಥೆಗಳಿಗೆ ಅಲ್ಲಿ ಒಂದು ಸಂಪ್ರದಾಯವೇ ಇದೆ. ಈ ಚಿತ್ರ ಆ ಜೋಡಿಯನ್ನು ಕೇಡುಗಾಲದೊಳಕ್ಕೆ ಒಯ್ದಿತು.

ಮೇಲುನೋಟಕ್ಕೆ ಆ ಊರು ಸ್ವರ್ಗವೇ ಸರಿ. ಬೀದಿ ಕನ್ನಡಿಯಂತಿದೆ, ಮಾತು ಜೇನಿನಂತಿದೆ. ಆದರೆ ಬಾಯಿತಪ್ಪಿ ಒಂದು ಬೈಗುಳ ಬಂದರೆ ಗೋಡೆಯ ಮೇಲಿನ ಯಂತ್ರ ದಂಡದ ಚೀಟಿ ಕೊಡುತ್ತದೆ. ಉಪ್ಪು, ಮಾಂಸ ನಿಷಿದ್ಧ. ಮೈ ಮುಟ್ಟುವಂತಿಲ್ಲ. ಈ ಏರ್ಪಾಟಿಗೆ ಒಪ್ಪದವರು ನೆಲದಡಿಯ ಸುರಂಗಗಳಲ್ಲಿ ಹಸಿದು ಕುಳಿತಿದ್ದಾರೆ. ಹೊಟ್ಟೆಪಾಡಿಗಾಗಿ ಮೇಲೆ ಬಂದು ಆಹಾರ ಕದಿಯುತ್ತಾರೆ. ಮೇಲಿನವರ ಸಭ್ಯತೆ ನಿಂತಿರುವುದು ಕೆಳಗಿನವರ ಹಸಿವಿನ ಮೇಲೆ ಎಂಬ ಕಟುಸತ್ಯವನ್ನು ಗುಂಡಿನ ಸದ್ದು, ನಗೆಮಾತುಗಳ ನಡುವೆ ಈ ಚಿತ್ರ ಹೇಳಿಬಿಡುತ್ತದೆ.

ಪ್ರೇಕ್ಷಕನಿಗೆ ಇದೆಲ್ಲ ಹೇಗೆ ತಿಳಿಯಿತು? ಸ್ಪಾರ್ಟನ್ ನಮ್ಮಂತೆಯೇ ಆ ಊರಿಗೆ ಹೊಸಬ. ನಮಗೆ ಬರುವ ಸಂಶಯವೇ ಅವನಿಗೂ ಬರುತ್ತದೆ. ಅವನು ಕೇಳುತ್ತಾನೆ, ಹಕ್ಸ್ಲಿ ಉತ್ತರ ಹೇಳುತ್ತಾಳೆ. ಉತ್ತರ ಕೇಳಿ ಅವನು ಹುಬ್ಬುಗಂಟಿಕ್ಕಿದರೆ ನಾವೂ ಗಂಟಿಕ್ಕುತ್ತೇವೆ. ಜೋಡಿ ಪೋಲೀಸರ ಕಥೆಯ ಗುಟ್ಟು ಇಲ್ಲಿದೆ. ಒಬ್ಬ ಗುಂಡು ಹಾರಿಸುವಾಗ ಇನ್ನೊಬ್ಬ ಅವನ ಬೆನ್ನು ಕಾಯುವುದಷ್ಟೇ ಜೋಡಿಯ ಉಪಯೋಗವಲ್ಲ. ಒಬ್ಬ ಕೇಳುವವನು, ಇನ್ನೊಬ್ಬ ಹೇಳುವವನು ಎಂದಾಗ ಕತ್ತಲಲ್ಲಿ ಕುಳಿತ ಪ್ರೇಕ್ಷಕನಿಗೂ ಒಬ್ಬ ಜೊತೆಗಾರ ಸಿಕ್ಕಂತಾಗುತ್ತದೆ.

ಈ ಉಪಾಯ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಯಕ್ಷಗಾನದಲ್ಲಿ ವೇಷ ರಂಗಸ್ಥಳಕ್ಕೆ ಬಂದೊಡನೆ ಭಾಗವತರು ಅದನ್ನು ಮಾತನಾಡಿಸುತ್ತಾರೆ. ದೊಡ್ಡಾಟದಲ್ಲಿ ಸಾರಥಿ ಆ ಕೆಲಸ ಮಾಡುತ್ತಾನೆ. ಬಂದವರು ಯಾರು, ಯಾವ ಊರಿನವರು, ಬಂದ ಕಾರ್ಯವೇನು ಎಂಬುದೆಲ್ಲ ಆ ಪ್ರಶ್ನೋತ್ತರದಲ್ಲಿ ಹೊರಬೀಳುತ್ತದೆ. ಭಾಗವತರಿಗೆ ಉತ್ತರ ಗೊತ್ತಿಲ್ಲವೆಂದಲ್ಲ. ಚಾಪೆಯ ಮೇಲೆ ಕುಳಿತ ಮುದುಕಿಯ ಪರವಾಗಿ, ನಿದ್ದೆಗಣ್ಣಿನ ಹುಡುಗನ ಪರವಾಗಿ ಅವರು ಕೇಳುತ್ತಾರೆ. ಓದು ಬರಹ ಅರಿಯದವರೂ ಇಡೀ ರಾತ್ರಿ ಕುಳಿತು ಪುರಾಣದ ಗಹನವಾದ ವಾದವಿವಾದಗಳನ್ನು ಸವಿಯುತ್ತಿದ್ದುದಕ್ಕೆ ಈ ಜೊತೆಗಾರಿಕೆಯೂ ಒಂದು ಕಾರಣವೆಂದರೆ ತಪ್ಪಾಗಲಾರದು.

‘ಡೆಮಾಲಿಷನ್ ಮ್ಯಾನ್’ ಬಿಡುಗಡೆಯಾದ ವಾರ ಅಮೆರಿಕೆಯ ಗಳಿಕೆಯಲ್ಲಿ ಮೊದಲ ಸ್ಥಾನದಲ್ಲಿತ್ತು. ವಿಮರ್ಶಕರೆಲ್ಲ ಮೆಚ್ಚಿದರೆಂದಲ್ಲ, ಹಕ್ಸ್ಲಿಯ ಪಾತ್ರ ವಹಿಸಿದ ಸಾಂಡ್ರಾ ಬುಲಕ್ಕಳ ಹೆಸರು ಕೆಟ್ಟ ಅಭಿನಯಕ್ಕೆ ಕೊಡುವ ಪರಿಹಾಸದ ಬಹುಮಾನಕ್ಕೂ ಸೂಚಿತವಾಗಿತ್ತು. ಆದರೆ ಚಿತ್ರ ಮರೆಯಾಗಲಿಲ್ಲ. ದೂರದಲ್ಲಿದ್ದವರು ತೆರೆಯ ಮೇಲೆ ಮುಖ ತೋರಿಸಿ ಸಭೆ ನಡೆಸುವುದು, ಕೈಕುಲುಕದೆ ವಂದಿಸುವುದು ಮೊದಲಾದ ಅದರ ದೃಶ್ಯಗಳು ೨೦೨೦ರ ಕೊರೋನಾ ಕಾಲದಲ್ಲಿ ನಮ್ಮ ನಿತ್ಯಜೀವನವೇ ಆಗಿಹೋದವು. ತಮಾಷೆಯ ಸಂಗತಿಯೊಂದುಂಟು. ಆ ಊರಿನ ಶೌಚಾಲಯದಲ್ಲಿ ಕಾಗದದ ಬದಲು ಮೂರು ಕಪ್ಪೆಚಿಪ್ಪುಗಳಿರುತ್ತವೆ. ಅವನ್ನು ಉಪಯೋಗಿಸುವ ಬಗೆಯನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಮೂವತ್ತು ವರ್ಷ ಕಳೆದರೂ ಜನ ಅದನ್ನು ಕೇಳುವುದು ಬಿಟ್ಟಿಲ್ಲ! ಎಲ್ಲವನ್ನೂ ತಿಳಿಸಿ ಒಂದನ್ನು ಮಾತ್ರ ಮುಚ್ಚಿಟ್ಟರೆ ಅದು ವಿನೋದವಾಗುತ್ತದೆ. ಎಲ್ಲವನ್ನೂ ಮುಚ್ಚಿಟ್ಟರೆ?

ಈ ಪ್ರಶ್ನೆಯೊಡನೆ ನಮ್ಮ ನಾಡಿಗೆ ಬರೋಣ. ಕನ್ನಡದಲ್ಲಿ ಜೋಡಿ ಪೋಲೀಸರ ಚಿತ್ರಗಳು ವಿರಳ. ಹೇಮಂತ್ ರಾವ್ ಅವರ ‘ಕವಲುದಾರಿ’ (೨೦೧೯) ಅಂಥದೊಂದು. ಮೆಟ್ರೋ ಕಾಮಗಾರಿಗಾಗಿ ನೆಲ ಅಗೆದಾಗ ಸಿಕ್ಕ ಎಲುಬುಗಳ ಗುಟ್ಟನ್ನು ಸಂಚಾರ ವಿಭಾಗದ ಒಬ್ಬ ಯುವಕನೂ ನಿವೃತ್ತನಾದ ಒಬ್ಬ ಅಧಿಕಾರಿಯೂ ಸೇರಿ ಬಿಡಿಸುತ್ತಾರೆ. ಆ ಹಿರಿಯನಾಗಿ ಅನಂತನಾಗ್ ಅವರ ಅಭಿನಯವನ್ನು ನೋಡಿದವರು ಮರೆಯಲಾರರು. ಆದರೆ ನಮ್ಮಲ್ಲಿ ಹೆಚ್ಚು ಪ್ರಿಯವಾದದ್ದು ಜೋಡಿಯಲ್ಲ, ದ್ವಿಪಾತ್ರ. ೧೯೮೧ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಅಂತ’ ಚಿತ್ರದಲ್ಲಿ ಪೋಲೀಸ್ ಅಧಿಕಾರಿಯೂ ಅಂಬರೀಷರೇ, ಅವನನ್ನೇ ಹೋಲುವ ಪಾತಕಿಯೂ ಅಂಬರೀಷರೇ. ಇನ್ನೊಬ್ಬರು ಬೇಕಾದ ಜಾಗದಲ್ಲಿ ನಾವು ನಾಯಕನನ್ನೇ ಎರಡು ಮಾಡಿ ನಿಲ್ಲಿಸಿಬಿಡುತ್ತೇವೆ. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕನ್ನಡದಲ್ಲಿ ಕೇಡುಗಾಲವನ್ನು ದೊಡ್ಡ ಪ್ರಮಾಣದಲ್ಲಿ ತೆರೆಗೆ ತಂದವರು ಉಪೇಂದ್ರ. ಚಿತ್ರದ ಹೆಸರು ‘ಯುಐ’. ೨೦೨೪ರ ಡಿಸೆಂಬರ್ ೨೦ರಂದು ಬಿಡುಗಡೆಯಾಯಿತು. ಭವಿಷ್ಯದ ಚಿಂತೆ ಈ ನಿರ್ದೇಶಕರಿಗೆ ಹೊಸದಲ್ಲ. ೨೦೧೦ರ ‘ಸೂಪರ್’ ಚಿತ್ರದಲ್ಲಿ ಅವರು ೨೦೩೦ರ ಭಾರತವನ್ನು ತೋರಿಸಿದ್ದರು. ಅದು ಸಂಪತ್ತಿನಿಂದ ತುಂಬಿದ ದೇಶ, ಬಿಳಿಯರೇ ಕೂಲಿನಾಲಿ ಅರಸಿ ಇಲ್ಲಿಗೆ ಬರುವ ಕಾಲ. ‘ಯುಐ’ ಚಿತ್ರದ ಪ್ರಚಾರಕ್ಕಾಗಿ ಹೊರಬಿಟ್ಟ ಎಚ್ಚರಿಕೆಯ ತುಣುಕು ೨೦೪೦ರ ಲೋಕವನ್ನು ತೋರಿಸಿತು. ಅಲ್ಲಿ ಎಲ್ಲೆಲ್ಲೂ ಹಸಿವು, ಕೊಳಕು, ಪಾಳುಬಿದ್ದ ಊರು, ಬಂದೂಕು ಹಿಡಿದು ವಾಹನದಲ್ಲಿ ಬರುವ ದೊರೆ. ಒಬ್ಬನೇ ಕಲಾವಿದನ ಕಲ್ಪನೆಯಲ್ಲಿ ಹದಿನಾಲ್ಕು ವರ್ಷಗಳೊಳಗೆ ರಾಮರಾಜ್ಯ ಹೋಗಿ ಕಲಿಗಾಲ ಬಂತು. ನಡುವೆ ಆತ ರಾಜಕೀಯಕ್ಕೂ ಇಳಿದು ೨೦೧೮ರಲ್ಲಿ ‘ಉತ್ತಮ ಪ್ರಜಾಕೀಯ ಪಕ್ಷ’ವನ್ನು ಸ್ಥಾಪಿಸಿದರೆಂಬುದನ್ನು ನೆನೆದರೆ ಈ ಬದಲಾವಣೆ ವಿಚಾರಯೋಗ್ಯವಾಗಿ ತೋರುತ್ತದೆ.

‘ಯುಐ’ ಚಿತ್ರದ ವಿಶೇಷವೇನೆಂದರೆ, ಅದರ ಮೊದಲ ಪಾತ್ರ ಪ್ರೇಕ್ಷಕನೇ. ಉಪೇಂದ್ರ ಎಂಬ ನಿರ್ದೇಶಕನ ‘ಯುಐ’ ಎಂಬ ಚಿತ್ರ ನೋಡಿದ ಜನ ನಾನಾ ವಿಧವಾಗಿ ವರ್ತಿಸುವುದರಿಂದಲೇ ಕಥೆ ಆರಂಭವಾಗುತ್ತದೆ. ಕೆಲವರಿಗೆ ಹುಚ್ಚು ಹಿಡಿದಂತಾಗುತ್ತದೆ, ಕೆಲವರಿಗೆ ಜ್ಞಾನೋದಯವಾದಂತಾಗುತ್ತದೆ. ಮುರಳಿ ಶರ್ಮಾ ಅಭಿನಯಿಸಿದ ವಿಮರ್ಶಕನೊಬ್ಬ ಚಿತ್ರವನ್ನು ಮತ್ತೆ ಮತ್ತೆ ನೋಡಿದರೂ ವಿಮರ್ಶೆ ಬರೆಯಲಾರದೆ, ಅದರ ಮೂಲಕಥೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ಒಳಗಿನ ಕಥೆಯಲ್ಲಿ ಸತ್ಯ ಮತ್ತು ಕಲ್ಕಿ ಎಂಬ ಇಬ್ಬರಿದ್ದಾರೆ, ಇಬ್ಬರೂ ಉಪೇಂದ್ರರೇ. ಸತ್ಯ ಜನರನ್ನು ತಿದ್ದಬಯಸುವವನು, ಕಲ್ಕಿ ಆಳಬಯಸುವವನು. ಪುರಾಣದಲ್ಲಿ ಕಲಿಗಾಲವನ್ನು ಕೊನೆಗಾಣಿಸಲು ಬರುವವನು ಕಲ್ಕಿ. ಇಲ್ಲಿ ಅದೇ ಹೆಸರಿನವನು ಕೇಡುಗಾಲದ ಒಡೆಯ. ಚಿತ್ರದ ಹೆಸರನ್ನು ಬರೆದ ರೀತಿಯೂ ಹಣೆಯ ಮೇಲಿನ ನಾಮದ ಆಕಾರದಲ್ಲಿದೆ. ಕನ್ನಡದಲ್ಲಿ ಒಬ್ಬರಿಗೆ ನಾಮ ಹಾಕುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಹೀಗೆ ಒಂದೊಂದು ಹೆಸರಿಗೂ ಚಿಹ್ನೆಗೂ ಒಂದೊಂದು ಅರ್ಥ. ಆದರೆ ಇವನ್ನು ನಮ್ಮ ಪರವಾಗಿ ಕೇಳುವ ಸ್ಪಾರ್ಟನ್ ಇಲ್ಲಿಲ್ಲ, ಉತ್ತರಿಸುವ ಹಕ್ಸ್ಲಿಯೂ ಇಲ್ಲ. ಅರ್ಥ ಹುಡುಕುವ ವಿಮರ್ಶಕನೇ ದಿಕ್ಕೆಟ್ಟು ಅಲೆಯುತ್ತಾನೆ. ಬರೆದವರು ಉಪೇಂದ್ರ, ನಿರ್ದೇಶಿಸಿದವರು ಉಪೇಂದ್ರ, ಒಳ್ಳೆಯವನು ಉಪೇಂದ್ರ, ಕೆಟ್ಟವನು ಉಪೇಂದ್ರ. ಪ್ರೇಕ್ಷಕ ಮಾತ್ರ ಒಬ್ಬಂಟಿ. ಅಷ್ಟೇ ಅಲ್ಲ, ಅವನೇ ಆಪಾದಿತ. ಕಲ್ಕಿಯಂಥವರು ಸಿಂಹಾಸನವೇರುವುದು ನಿನ್ನ ಮರೆವಿನಿಂದ, ನಿನ್ನ ಆಸೆಬುರುಕತನದಿಂದ, ನಿನ್ನ ಜಾತಿಯ ಮೋಹದಿಂದ ಎಂದು ತೆರೆ ಅವನ ಕಡೆಗೇ ಬೆರಳು ಮಾಡುತ್ತದೆ. ೨೦೨೩ರಲ್ಲಿ ಬಂದ ಈ ಚಿತ್ರದ ಮೊದಲ ಪ್ರಚಾರದ ತುಣುಕಿನಲ್ಲಿ ದೃಶ್ಯವೇ ಇರಲಿಲ್ಲ. ಕತ್ತಲೆಯಲ್ಲಿ ಬರಿಯ ಸದ್ದು. ಮಿಕ್ಕದ್ದನ್ನು ನೀವೇ ಕಲ್ಪಿಸಿಕೊಳ್ಳಿ ಎಂಬುದೇ ಅದರ ತಾತ್ಪರ್ಯ. ಇಡೀ ಚಿತ್ರದ ಧೋರಣೆಯೂ ಅದೇ.

ಚಿತ್ರದ ಆರಂಭದಲ್ಲಿ ಬರುವ ಒಂದು ಬರಹ ಎಲ್ಲ ಕಡೆಯೂ ಚರ್ಚೆಗೆ ಬಂತು. ಬುದ್ಧಿವಂತರಾದವರು ಎದ್ದು ಹೋಗಬಹುದು, ದಡ್ಡರಾದವರು ಕುಳಿತು ಪೂರ್ತಿ ನೋಡಬಹುದು ಎಂಬುದು ಅದರ ಸಾರಾಂಶ. ೧೯೯೮ರಲ್ಲಿ ಇದೇ ನಿರ್ದೇಶಕರ ‘ಎ’ ಚಿತ್ರ ಬುದ್ಧಿವಂತರಿಗೆ ಮಾತ್ರ ಎಂಬ ಪ್ರಚಾರದೊಡನೆ ಬಂದಿತ್ತು. ಅಂದು ಬುದ್ಧಿವಂತರಿಗೆ ಸ್ವಾಗತ. ಇಂದು ಅವರಿಗೆ ಬಾಗಿಲು! ಎರಡೂ ಸಲ ನಡೆದದ್ದು ಒಂದೇ: ಪ್ರೇಕ್ಷಕರನ್ನು ಬುದ್ಧಿವಂತ, ದಡ್ಡ ಎಂದು ಎರಡು ಪಂಕ್ತಿಯಲ್ಲಿ ಕೂರಿಸಲಾಯಿತು. ವಿಮರ್ಶಕರ ಅಭಿಪ್ರಾಯವೂ ಎರಡಾಯಿತು. ಕನ್ನಡದಲ್ಲಿ ಇಂಥ ಧೈರ್ಯ ಅಪರೂಪವೆಂದು ಕೆಲವರು ಹೊಗಳಿದರು. ಸಂದೇಶ ಹೆಚ್ಚಾಗಿ ಕಥೆ ಕಾಣೆಯಾಯಿತೆಂದು ಕೆಲವರು ದೂರಿದರು.

ನಮ್ಮ ಮಲ್ಲಂದೂರಿನಿಂದ ಐದಾರು ಮಂದಿ ಬಿಡುಗಡೆಯ ವಾರದ ಭಾನುವಾರ ಚಿಕ್ಕಮಗಳೂರಿಗೆ ಹೋಗಿ ಈ ಚಿತ್ರವನ್ನು ನೋಡಿದೆವು. ಅರೇಬಿಕಾ ಕೊಯ್ಲಿನ ಕಾಲ, ವಾರಕ್ಕೊಂದು ರಜ. ನಮ್ಮ ಗುಂಪಿನಲ್ಲಿ ತೋಟದ ಲೈನಿನಲ್ಲಿ ವಾಸವಾಗಿರುವ ನನ್ನ ಸೋದರಮಾವನೂ ಇದ್ದರು. ಎದ್ದು ಹೋಗಿ ಎಂಬ ಬರಹ ಬಂದಾಗ ಚಿತ್ರಮಂದಿರವೆಲ್ಲ ಗೊಳ್ಳೆಂದು ನಕ್ಕಿತು; ಎದ್ದವರು ಒಬ್ಬರೂ ಇಲ್ಲ. “ದುಡ್ಡು ಕೊಟ್ಟು ಕೂತೋರು ಯಾರಾದ್ರೂ ಎದ್ದು ಹೋಗ್ತಾರೇನೋ?” ಎಂದರು ಮಾವ. ಮೊದಲರ್ಧದಲ್ಲಿ ಶಿಳ್ಳೆ ಕೇಳಿಸುತ್ತಿತ್ತು. ಆಮೇಲೆ ಒಂದು ಬಗೆಯ ಮೌನ. ಹೊರಬಂದಾಗ ಹುಡುಗರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ‘ಅರ್ಥ ಆಯ್ತಾ?’ ಆಯಿತೆಂದವರು ತುಸು ಎತ್ತರದ ದನಿಯಲ್ಲಿ ಹೇಳಿದರು. ಆಗದವರು ಚಹದ ಲೋಟದ ಕಡೆ ನೋಡಿದರು.

ಊರಿನ ಬಸ್ಸಿನಲ್ಲಿ ಮಾವ ನನ್ನ ಪಕ್ಕದಲ್ಲಿ ಕುಳಿತು, “ಅಲ್ಲ ಮಾರಾಯ, ಆ ಕಲ್ಕಿ ಅಂದ್ರೆ ಎಂತದು? ನೀನು ಓದಿದವ, ಹೇಳು” ಎಂದರು. ನನಗೆ ತಿಳಿದಷ್ಟನ್ನು ಹೇಳಿದೆ. ಸತ್ಯನ ಹೆಸರು, ಕಲ್ಕಿಯ ಹೆಸರು, ನಾಮದ ಚಿಹ್ನೆ ಎಲ್ಲವನ್ನೂ ಒಂದೊಂದಾಗಿ ವಿವರಿಸಿದೆ. ಹಿಂದಿನ ಆಸನದವರೂ ಬಗ್ಗಿ ಕೇಳತೊಡಗಿದರು. ಇನ್ನೊಬ್ಬರು ತಮ್ಮ ಅರ್ಥವನ್ನು ಸೇರಿಸಿದರು. ಬಹಳ ಹೊತ್ತು ಸುಮ್ಮನಿದ್ದ ಮಾವ ಕೊನೆಗೆ, “ಮೊಬೈಲಲ್ಲಿ ಮೊದ್ಲು ತೋರಿಸಿದ್ಯಲ್ಲ, ಆ ಹಸಿದ ಜನ. ಅವ್ರೆಲ್ಲ ಕಾರಲ್ಲಿ ಬಂದೋನ ಕಡೆನೇ ನೋಡ್ತಾ ನಿಂತ್ರು. ಒಬ್ಬರ ಮುಖ ಒಬ್ಬರು ನೋಡ್ಲೇ ಇಲ್ಲ. ಅದಕ್ಕೇ ಅವ್ನು ಗೆದ್ದ” ಎಂದರು. ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಈ ಮಾತು ಇರಲಿಲ್ಲ. ಮೇಸ್ತ್ರಿಯ ಮುಂದೆ ಹಣ್ಣಿನ ಚೀಲವಿಟ್ಟು ತೂಕಕ್ಕಾಗಿ ಕಾದು ನಿಂತವರಿಗೆ ಮಾತ್ರ ಕಾಣಬಹುದಾದ ಅರ್ಥವದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ‘ಅರ್ಥವಾಯಿತೆ?’ ಎಂಬ ಪ್ರಶ್ನೆಯ ತೂಕ ನನ್ನಂಥವರಿಗೆ ಚೆನ್ನಾಗಿ ಗೊತ್ತು. ತರಗತಿಯಲ್ಲಿ ಆ ಪ್ರಶ್ನೆ ಬಂದಾಗ ಮುಂದಿನ ಬೆಂಚಿನವರು ತಲೆಯಾಡಿಸುತ್ತಾರೆ. ಹಿಂದಿನ ಬೆಂಚಿನವರು ಅವರನ್ನು ನೋಡಿ ತಲೆಯಾಡಿಸುತ್ತಾರೆ. ತಿಳಿಯಲಿಲ್ಲ ಎನ್ನುವುದಕ್ಕಿಂತ ತಿಳಿಯಿತೆಂದು ನಟಿಸುವುದು ಸುಲಭ. ತಿಳಿಯದವನು ದಡ್ಡನೆಂದು ಒಮ್ಮೆ ಪಟ್ಟ ಕಟ್ಟಿಬಿಟ್ಟರೆ ಅವನು ಮತ್ತೆ ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ಕೇಳದ ಜನ ಹೆಚ್ಚಾದಂತೆಲ್ಲ ಕಲ್ಕಿಯ ಆಳ್ವಿಕೆ ಭದ್ರವಾಗುತ್ತದೆ. ಕೇಡುಗಾಲದ ಬಗ್ಗೆ ಎಚ್ಚರಿಸಲು ಹೊರಟ ಚಿತ್ರವೇ ಪ್ರೇಕ್ಷಕನ ಬಾಯಿ ಕಟ್ಟಿದರೆ ಉದ್ದೇಶಕ್ಕೇ ಕುಂದಲ್ಲವೆ?

ಇದಕ್ಕೆ ಪ್ರತಿವಾದವೂ ಉಂಟು, ಅದು ಬಲವಾದದ್ದೇ. ಎಲ್ಲವನ್ನೂ ಬಿಡಿಸಿ ಬಾಯಿಗಿಟ್ಟರೆ ಪ್ರೇಕ್ಷಕ ಅಗಿಯುವ ಶ್ರಮವನ್ನೂ ಪಡುವುದಿಲ್ಲ. ನಕ್ಕು, ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಮರೆಯುತ್ತಾನೆ. ‘ಡೆಮಾಲಿಷನ್ ಮ್ಯಾನ್’ ನೋಡಿದ ಬಹು ಮಂದಿಗೆ ನೆನಪಿರುವುದು ಕಪ್ಪೆಚಿಪ್ಪು. ಸುರಂಗದ ಹಸಿದ ಜನರಲ್ಲ. ‘ಯುಐ’ ಕಾಡಿದಷ್ಟು ಅದು ಕಾಡದು. ಮೇಲಾಗಿ ‘ಯುಐ’ ನೋಡಿದ ಜನ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಲೈನಿನ ಜಗಲಿಯಲ್ಲಿ ಒಬ್ಬರಿಗೊಬ್ಬರು ಅರ್ಥ ಹೇಳಿಕೊಂಡದ್ದು ಆ ಚಿತ್ರ ಒಗಟಾಗಿದ್ದುದರಿಂದಲೇ. ತೆರೆಯ ಮೇಲೆ ಸಿಗದ ಜೊತೆಗಾರನನ್ನು ಜನ ಪಕ್ಕದ ಆಸನದಲ್ಲಿ ಹುಡುಕಿಕೊಂಡರು. ಒಬ್ಬರ ಮುಖ ಒಬ್ಬರು ನೋಡುವಂತೆ ಮಾಡಿದ್ದು ಆ ಚಿತ್ರದ ಸಾರ್ಥಕತೆಯೆಂದು ನಾನು ಒಪ್ಪುತ್ತೇನೆ. ಆದರೆ ಒಬ್ಬಂಟಿಯಾಗಿ ನೋಡಿ, ಕೇಳಲು ಯಾರೂ ಇಲ್ಲದೆ, ನಾಚಿಕೆಯಿಂದ ಮನೆಗೆ ಮರಳಿದವರ ಗತಿಯೇನು?

ಈ ಪ್ರಶ್ನೆಗೆ ಉತ್ತರ ನಮ್ಮ ಮಲೆನಾಡಿನಲ್ಲಿಯೇ ಇದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರೂ ಗೆಳೆಯರೂ ೧೯೭೩ರಲ್ಲಿ ನೀನಾಸಂ ಚಿತ್ರಸಮಾಜವನ್ನು ಆರಂಭಿಸಿದರು. ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಅಡಕೆ ತೋಟದ ರೈತರೂ ಕೂಲಿಕಾರರೂ ಅಲ್ಲಿ ನೋಡಿದರು. ಹಳ್ಳಿಯವರಿಗೆ ಇಂಥವು ತಿಳಿದಾವೆ ಎಂದು ಆ ಸಂಸ್ಥೆ ಸಂಶಯಪಡಲಿಲ್ಲ. ಚಿತ್ರವನ್ನು ಹೇಗೆ ನೋಡಬೇಕೆಂಬುದನ್ನು ಕನ್ನಡದಲ್ಲಿ ಕೂಡಿ ಚರ್ಚಿಸಲು ರಸಗ್ರಹಣ ಶಿಬಿರಗಳನ್ನು ನಡೆಸಿತು. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಹನವಾದದ್ದನ್ನು ಹಗುರಮಾಡದೆಯೂ ಎಲ್ಲರ ಬಳಿಗೆ ಒಯ್ಯಬಹುದು. ನಡುವೆ ಒಬ್ಬ ಜೊತೆಗಾರ ಇದ್ದರೆ ಸಾಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ಕೇಡುಗಾಲದ ಚಿತ್ರ ತಿಳಿಯುವುದೂ ತಿಳಿಯದಿರುವುದೂ ಪ್ರೇಕ್ಷಕನ ವಿದ್ಯೆಯೊಂದನ್ನೇ ಅವಲಂಬಿಸಿಲ್ಲ, ಅವನ ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನೂ ಅವಲಂಬಿಸಿದೆಯೆಂದು ನನ್ನ ನಮ್ರ ಅಭಿಪ್ರಾಯ. ಆ ಜೊತೆಗಾರ ತೆರೆಯ ಮೇಲಿನ ಪೋಲೀಸಿನವನಾಗಬಹುದು, ರಂಗಸ್ಥಳದ ಭಾಗವತರಾಗಬಹುದು, ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿಯೂ ಆಗಬಹುದು. ನಮ್ಮ ಕಾಲೇಜಿನಲ್ಲಿ ತಿಂಗಳಿಗೊಂದು ಚಿತ್ರ ತೋರಿಸಿ, ಅನಂತರ ಒಂದು ಗಂಟೆ ಮಾತುಕತೆ ನಡೆಸುವ ಏರ್ಪಾಟಾದರೆ ಎಷ್ಟು ಚೆನ್ನ! ಅದಕ್ಕೆ ಅಧ್ಯಾಪಕರು ಮಾತ್ರವಲ್ಲ, ನಮ್ಮ ತಂದೆತಾಯಿಗಳೂ ಬರಲಿ. ಪದವಿ ಪಡೆದು ಹೊರಡುವ ನಾವು ಅವರಿಗೆ ಅರ್ಥ ಹೇಳುವುದು ಸ್ವಲ್ಪ ಇದ್ದೀತು. ಅವರಿಂದ ಕೇಳಿ ತಿಳಿಯಬೇಕಾದದ್ದು ಅದಕ್ಕಿಂತ ಹೆಚ್ಚಿದ್ದೀತು.